ಎಣಿಕೆ ತಪ್ಪಿದ್ದು

ಬತೂಮಿಯ ಗುಡ್ಡ. ಸೆಪ್ಟೆಂಬರಿನ ಬೆಳಗು.
ಹಿಂದೆ ಬೆಟ್ಟ, ಮುಂದೆ ಕಪ್ಪು ಸಮುದ್ರ,
ನಡುವಿನ ಸಂದಿಯಲ್ಲಿ ಗಿಡುಗಗಳು ದಕ್ಷಿಣಕ್ಕೆ.
ಒಂದು ಹಕ್ಕಿಗೆ ಒಂದು ಕ್ಲಿಕ್.
ನನ್ನ ಕೆಲಸ ಇಷ್ಟೇ: ಹೆಬ್ಬೆರಳು, ಆಕಾಶ.

ನಾನೂರ ಹನ್ನೆರಡರವರೆಗೆ ಸರಿಯಿತ್ತು.
ಆಮೇಲೆ ಬೆರಳಿಗೆ ಅದರ ಹಳೆಯ ಚಾಳಿ,
ಎಣಿಕೆಯಂತ್ರದ ಮೈಯನ್ನೇ ಮೇಲಕ್ಕೆ ಸವರಿತು,
ಈ ಹಕ್ಕಿ ಸಾಕು, ಮುಂದಿನದು ಬರಲಿ ಎಂಬಂತೆ.
ಫೋನು ಚೀಲದ ತಳದಲ್ಲಿ ಸತ್ತು ಬಿದ್ದಿತ್ತು, ಆಣೆಗೂ.
ಆದರೂ ತೊಡೆಯ ಮೇಲೆ ಎಲ್ಲೋ ಗುಂಯ್ ಅಂದಿತು.

ತಲೆ ತಗ್ಗಿಸಿದೆ. ಎತ್ತಿದೆ.
ಅಷ್ಟರಲ್ಲಿ ಒಂದಿಡೀ ಹಿಂಡು
ಲೆಕ್ಕಕ್ಕೆ ಸಿಗದೆ ಟರ್ಕಿಯ ಕಡೆ ದಾಟಿತ್ತು.

"ಎಷ್ಟು, ಎತೇರಿ?" ಅಂದ ಝೌರಿ,
ದುರ್ಬೀನಿನಿಂದ ಕಣ್ಣು ತೆಗೆಯದೆ.
ಅರವತ್ತೆಂಟು ವಯಸ್ಸು;
ದೂರದ ಚುಕ್ಕೆ ಹದ್ದೋ ನೊಣವೋ ಎಂದು ತಿಳಿಯಲು
ಚಹಾ ಆರಿ ತಣ್ಣಗಾಗುವಷ್ಟು ಹೊತ್ತು ಕಾಯಬಲ್ಲ.

ಮೂವತ್ತು ಅನ್ನಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು.
ಪುಸ್ತಕದಲ್ಲಿ, ಹತ್ತು ಇಪ್ಪತ್ತರ ಸಾಲಿನೆದುರು
ಬರೆದೆ: ಹಕ್ಕಿಗಳಿದ್ದವು. ನಾನಿರಲಿಲ್ಲ.

ಅವನು ಓದಿದ. ನಗಲಿಲ್ಲ.
ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ನನ್ನ ಕಡೆ ಚಾಚಿ,
"ಸುಡುತ್ತದೆ," ಅಂದ, "ಎರಡೂ ಕೈಯಲ್ಲಿ ಹಿಡಿ."