ಗುಂಡಿ ನೂರ ನಲವತ್ತಾರು

ನಾನು ಪಿಕಪ್ ಓಡಿಸುವವನು. ಗಿಡ ಎಣಿಸುವುದು
ನನ್ನ ಕೆಲಸವಲ್ಲ. ಗಾರ್ಡ್ ಮುದ್ದಯ್ಯನಿಗೆ ಅವತ್ತು ಜ್ವರ,
ರಿಜಿಸ್ಟರು ನನ್ನ ಸೀಟಿನ ಪಕ್ಕ ಬಂದು ಕೂತಿತು.

ಗಾಳಿಬೀಡಿನಿಂದ ಮೇಲೆ, ರಸ್ತೆ ಮುಗಿದ ಮೇಲೂ ಮೇಲೆ,
ಇನ್ನೂರು ಸಸಿ, ಮೂವತ್ತೊಂದು ಮಕ್ಕಳು.
ಹೆಸರು ಕೊಟ್ಟವರಷ್ಟೇ ಬನ್ನಿ ಅಂದಿದ್ದರಂತೆ ಟೀಚರು;
ಕೊಡದವರೂ ಹತ್ತಿಕೊಂಡಿದ್ದರು,
ನೇರಳೆ, ನಂದಿ, ವಾಟೆಹುಳಿಯ ನಡುವೆ ಮಂಡಿ ಮಡಚಿ.
ಪ್ರತಿ ತಿರುವಿಗೂ ಒಂದು ಕೂಗು.

ಮೇಲೆ ಬರೀ ಹುಲ್ಲು. ಮಂಜು ಬಂದರೆ
ಬೆಟ್ಟವೂ ಇಲ್ಲ, ಮಕ್ಕಳೂ ಇಲ್ಲ,
ಅಲ್ಲೊಂದು ಇಲ್ಲೊಂದು ಕೆಮ್ಮು.
ಇಂಬಳಕ್ಕೆಂದು ಎಲ್ಲರ ಜೇಬಲ್ಲೂ ಉಪ್ಪಿನ ಪೊಟ್ಟಣ,
ಅರ್ಧ ಉಪ್ಪು ಮಾವಿನಕಾಯಿಗೆ ಹೋಯಿತು.

ಸುಣ್ಣದ ಗುರುತು ನಾವು ಹಾಕಿದ್ದೆವು, ತೋಡುವುದು ಅವರು.
ದೇಚಕ್ಕ ತನ್ನ ಗಿಡಕ್ಕೆ ಗುಟ್ಟಾಗಿ ಏನೋ ಹೇಳಿದಳು.
ನಸೀಮಾ ಹರಿದ ಪ್ಲಾಸ್ಟಿಕ್ಕನ್ನೆಲ್ಲ
ಮಡಿಸಿದ ಕೊಡೆಯೊಳಗೆ ತುಂಬಿಕೊಂಡಳು.
ಒಬ್ಬ ಪೋರ ನೆಟ್ಟದ್ದನ್ನು ಮೂರು ಸಲ ಕಿತ್ತು ನೋಡಿದ,
ಬೇರು ಹಿಡಿಯಿತೋ ಎಂದು.

ನೂರ ನಲವತ್ತಾರರ ಹತ್ತಿರ ಕೆಲಸ ನಿಂತಿತ್ತು.
ಲೈನ್‌ಮನೆಯ ಚುಬ್ರ, ಆರನೇ ಕ್ಲಾಸು,
ಚೆಕ್‌ಪೋಸ್ಟಿನ ಗೇಟಿನ ಹಾಗೆ
ಗುದ್ದಲಿ ಅಡ್ಡ ಹಿಡಿದಿದ್ದ.
“ಇಲ್ಲಿ ಬೇಡ.”
ಹುಲ್ಲು ಸರಿಸಿದ. ಅಂಗೈಯಷ್ಟು ಬಟ್ಟಲು,
ಮೂರು ಮೊಟ್ಟೆ, ಕಾಫಿ ಸಿಡಿದಂಥ ಚುಕ್ಕೆ.
ಮಂಜಿನೊಳಗೆಲ್ಲೋ ಚಿರ್ ಚಿರ್ ಎಂದು
ಯಾರೋ ನಮ್ಮನ್ನು ಬೈಯುತ್ತಿದ್ದರು.

ಎರಡಡಿ ಆಚೆಗೆ ನೆಡು ಮಾರಾಯ, ಅಂದೆ.
“ಮರ ಬಂದರೆ ನೆರಳು. ನೆರಳಿಗೆ ಈ ಹುಲ್ಲು ಬರಲ್ಲ.
ಮುಂದಿನ ವರ್ಷ ಇದು ಎಲ್ಲಿ ಕೂರುತ್ತೆ?”

ಬೋಳುಬೆಟ್ಟ ಅಂತಲೇ ಕರೆದವರು ನಾವು,
ನಾನೂ, ನನ್ನಪ್ಪನೂ.
ಬೋಳು ಹೌದೋ ಅಲ್ಲವೋ ಎಂದು
ಬಗ್ಗಿ ನೋಡಿದ್ದು ಅವತ್ತೇ.

ಟೀಚರು ಬಂದರು, ಬೈಯಲು ಬಾಯಿ ತೆರೆದರು,
ಮೊಟ್ಟೆ ನೋಡಿದರು, ಕನ್ನಡಕ ಒರೆಸಿಕೊಂಡರು.
ಉಳಿದ ಐವತ್ತೈದನ್ನು ಮತ್ತೆ ಹೇರಿ ಇಳಿದೆವು,
ಹೋದ ಮಳೆಗಾಲ ರಸ್ತೆಗೆ ಕುಸಿದ ಬರೆಗೆ.
ಅಲ್ಲಿ ಬರೀ ಕೆಂಪು ಮಣ್ಣು, ಬೇಡ ಅನ್ನಲು
ಒಂದು ಎರೆಹುಳವೂ ಇರಲಿಲ್ಲ.
ಚುಬ್ರ ತನ್ನ ನಂದಿಯನ್ನು ಎಲ್ಲರಿಗಿಂತ ಕೆಳಗೆ,
ನೀರು ಕೊರೆದ ಜಾಗದಲ್ಲೇ ನೆಟ್ಟು,
ಹಿಮ್ಮಡಿಯಿಂದ ಒಮ್ಮೆ ಒತ್ತಿ, ಗಾಡಿ ಹತ್ತಿದ.
ಮತ್ತೆ ತಿರುಗಿ ನೋಡಲಿಲ್ಲ. ಮುಂದೆ ಕೂರಿಸಿಕೊಂಡೆ.
ಹಾರನ್ ಒತ್ತಲಾ, ಕೇಳಿದ.

ರಾತ್ರಿ ರಿಜಿಸ್ಟರು ಬಿಚ್ಚಿದರೆ ಮೂರೇ ಖಾನೆ.
ನೂರ ನಲವತ್ತಾರರ ಮುಂದೆ ಬರೆದೆ:
ಜಾತಿ, ಗೊತ್ತಿಲ್ಲ.
ಸಂಖ್ಯೆ, ಮೂರು.
ಷರಾ, ಕಾವಿಗೆ ಕೂತಿದೆ.

ಸೋಮವಾರ ಮುದ್ದಯ್ಯ ಮಫ್ಲರ್ ಸುತ್ತಿಕೊಂಡು ಬಂದು ಓದಿದ,
ನನ್ನ ಮುಖ ನೋಡಿದ, ರಬ್ಬರು ಹುಡುಕಿದ.
ನಾನು ಬಾಲ್‌ಪೆನ್ನಿನಲ್ಲಿ ಬರೆದಿದ್ದೆ.