ಇಳಿಯುವಾಗ ಚಿಲ್ಲರೆ

ಇಪ್ಪತ್ತೆರಡು ವರ್ಷ ಕೂಗಿದ್ದೇನೆ ಈ ಕರಾವಳಿಯನ್ನು,
ಉದ್ಯಾವರ ಕಟಪಾಡಿ ಪಾಂಗಾಳ ಕಾಪು
ಮೂಳೂರು ಉಚ್ಚಿಲ ಎರ್ಮಾಳು ಪಡುಬಿದ್ರಿ,
ಒಂದೇ ಉಸಿರಿಗೆ, ಬಾಗಿಲಿಗೆ ಜೋತುಬಿದ್ದು,
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು.
ಕಡಲು ಇತ್ತಂತೆ ಪಡುವಲ್ಲಿ, ಕೂಗಳತೆಯಲ್ಲೇ.
ನಮ್ಮದು ಎಕ್ಸ್‌ಪ್ರೆಸ್ಸು. ಅಲ್ಲಿ ಸ್ಟಾಪಿರಲಿಲ್ಲ.

ಮೊನ್ನೆ ರಜೆ. ಊಟ ಮಾಡಿ ಹೊರಟೆ.
ಸೈಕಲ್ಲು ಮಗಳದ್ದು, ಎಂಟನೇ ಕ್ಲಾಸಿಗೆ ಸರಕಾರ ಕೊಟ್ಟದ್ದು,
ಮುಂದೊಂದು ಬುಟ್ಟಿ, ತುಕ್ಕು ಹಿಡಿದ ಬೆಲ್ಲು.
ಅವಳೀಗ ಮಣಿಪಾಲದ ಲ್ಯಾಬಿಗೆ ಸ್ಕೂಟರಲ್ಲಿ ಹೋಗುತ್ತಾಳೆ;
ಇದು ಬಚ್ಚಲ ಹಿಂದೆ ತೆಂಗಿನ ಮಡಲು ಹೊತ್ತು ನಿಂತಿತ್ತು.
ಗಾಳಿಗೆ ಐದು ರೂಪಾಯಿ. ಚೈನಿಗೆ ಎಣ್ಣೆ ಮನೆಯದ್ದೇ.
"ಈ ಪ್ರಾಯಕ್ಕೆ ಲೇಡೀಸ್ ಸೈಕಲ್ಲಾ?" ಎಂದ ಪಂಕ್ಚರಿನ ಜೆರಾಲ್ಡ್.
ಲೇಡೀಸ್ ಸೀಟಿಂದ ಗಂಡಸರನ್ನು ಎಬ್ಬಿಸಿಯೇ ಬದುಕಿದವ ನಾನು,
ಮಾತಾಡದೆ ಹತ್ತಿದೆ.

ಮಲ್ಪೆಯಿಂದ ಸೇತುವೆ ಏರು.
ಅರ್ಧಕ್ಕೆ ಇಳಿದು ತಳ್ಳಿದೆ, ಯಾರಿಗೂ ಹೇಳಬೇಡಿ.
ಮೇಲಿಂದ ನೋಡಿದರೆ ಬೋಟುಗಳು
ಐದೂವರೆಯ ಬಸ್ಸಿನ ಜನರ ಹಾಗೆ, ಭುಜಕ್ಕೆ ಭುಜ.
ಇನ್ನೊಂದು ಹತ್ತು ಹಿಡಿಸಬಹುದು ಅನ್ನಿಸಿತು. ಅಭ್ಯಾಸ.

ಆಮೇಲೆ ಪಡುಕೆರೆ.
ಬಲಕ್ಕೆ ಕಡಲು. ಎಡಕ್ಕೆ ಹೊಳೆ. ನಡುವೆ
ಒಂದು ಟಿಕೆಟಿನಷ್ಟು ಅಗಲದ ಊರು.
ಅದರಲ್ಲೇ ಶಾಲೆ, ಭಜನಾ ಮಂದಿರ, ಹರಡಿದ ಬಲೆ,
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಡಲನ್ನೇ ದಿಟ್ಟಿಸುವ ಮನುಷ್ಯ,
ಬೇಲಿ ಜಗಳದ ಎದುರುಮನೆಯವನನ್ನು ನೋಡುವ ಹಾಗೆ.
ಇಲ್ಲಿ ಯಾರಿಗೂ ಅವಸರವಿಲ್ಲ. ನನ್ನ ಕಿವಿಯಲ್ಲಿ ಮಾತ್ರ
ಹಿಂದಿನ ಬಸ್ಸಿನ ಹಾರ್ನು: ಎರಡು ನಿಮಿಷ ಲೇಟು, ಎರಡು ನಿಮಿಷ ಲೇಟು.
ಪೆಡಲು ತನ್ನಷ್ಟಕ್ಕೇ ಜೋರಾಯಿತು.
ಒಂದು ನಾಯಿ ಅಟ್ಟಿಸಿಕೊಂಡು ಬಂತು, ಬೇಸರವಾಗಿ ನಿಂತಿತು.
ನಾನೂ ನಿಂತೆ.

ಮಟ್ಟುವಿನ ತಡೆಗೋಡೆಯ ಪಕ್ಕ ನೀಲಿ ಟಾರ್ಪಾಲು,
ಕೆಳಗೆ ಚಾ, ಗೋಳಿಬಜೆ, ಗುಳ್ಳದ ಪೋಡಿ.
ಒಲೆ ಊದುತ್ತಿದ್ದವಳು ತಲೆಯೆತ್ತದೆಯೇ ಹೇಳಿದಳು:
"ಈ ಸ್ವರ ಗೊತ್ತುಂಟು."
ನಾನು ಕೇಳಿದ್ದು ಚಾಕ್ಕೆ ಎಷ್ಟು ಅಂತ ಮಾತ್ರ.

ಬೇಬಿ ಮೆಂಡನ್. ಮೀನಿನ ಬುಟ್ಟಿಯ ಬೇಬಿಯಕ್ಕ.
ಕಟಪಾಡಿ ಸ್ಟಾಪಲ್ಲಿ, ಬೆಳಿಗ್ಗೆ ಏಳೂ ಹತ್ತಕ್ಕೆ,
ಎಷ್ಟು ಸಲ 'ರೈಟ್ ಪೋಯಿ' ಅಂದಿದ್ದೇನೆ
ಅವಳ ಬುಟ್ಟಿ ಇನ್ನೂ ನೆಲದ ಮೇಲಿರುವಾಗ.
ನೀರು ಸೋರುತ್ತದೆ, ವಾಸನೆ, ಕಂಪ್ಲೇಂಟು ಬರುತ್ತದೆ, ಲೋಕಲ್ಲಿಗೆ ಬನ್ನಿ.
ಎಲ್ಲ ನಿಜವೇ. ನಿಜ ಹೇಳಲಿಕ್ಕೆ ನನಗಾಗ
ಅರ್ಧ ಸೆಕೆಂಡೂ ಬೇಕಿರಲಿಲ್ಲ.

ಅವಳು ಅದನ್ನೆಲ್ಲ ಎತ್ತಲಿಲ್ಲ.
ಸೈಕಲ್ಲಿನ ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು,
"ಇದಕ್ಕೆ ಎರಡು ಕಿಲೋ ಬಂಗುಡೆ ಹಿಡಿಸ್ತದೆ" ಅಂದಳು.
ಕೇಳದೆಯೇ ಇನ್ನೆರಡು ಪೋಡಿ ಎಲೆಗೆ ಹಾಕಿದಳು.

ಒಟ್ಟು ಮೂವತ್ತಮೂರು. ಐವತ್ತು ಕೊಟ್ಟೆ.
ಬೇಬಿಯಕ್ಕ ನೋಟನ್ನು ಉದ್ದಕ್ಕೆ ಮಡಚಿ
ಬೆರಳ ಸಂದಿಗೆ ಸಿಕ್ಕಿಸಿ, ಎಲ್ಲೋ ನೋಡುತ್ತಾ,
"ಚಿಲ್ಲರೆ ಇಲ್ಲ. ಇಳಿಯುವಾಗ ಕೊಡ್ತೇನೆ."

ಅವಳ ನಗು ಹೊಗೆಗೆ ಸಿಕ್ಕಿ ಕೆಮ್ಮಾಯಿತು.
ನನ್ನದು ತಡವಾಗಿ ಬಂತು,
ಕೈಪುಂಜಾಲಿನ ತಿರುವಿನಲ್ಲಿ, ಒಬ್ಬನೇ ಇರುವಾಗ.

ಕಾಪುವಿನ ದೀಪಸ್ತಂಭದ ಬುಡದಲ್ಲಿ ಕೂತು ಲೆಕ್ಕ ಹಾಕಿದೆ.
ಖರ್ಚು ಮೂವತ್ತೆಂಟು. ಬರಬೇಕಾದದ್ದು ಹದಿನೇಳು.
ನಾನು ಕೊಡಬೇಕಾದದ್ದಕ್ಕೆ ಪುಸ್ತಕವೇ ಇಲ್ಲ:
ಎಷ್ಟು ಜನ ಹೀಗೆ ಇಳಿದು, ಅಂಗೈ ಚಾಚಿ,
ಧೂಳಲ್ಲಿ ಬಸ್ಸಿನ ಬೆನ್ನು ಓದುತ್ತಾ ನಿಂತರೋ.

ಕತ್ತಲಾಗುತ್ತಿತ್ತು. ಡೈನಮೋ ಇಲ್ಲ.
ಹೈವೇಯಲ್ಲಿ ಹೋದರೆ ಬೇಗ. ಗೊತ್ತಿದ್ದೂ
ಕಡಲನ್ನು ಎಡಗೈಗೆ ಹಾಕಿಕೊಂಡು ಬಂದ ದಾರಿಗೇ ತಿರುಗಿದೆ.
ಟಾರ್ಪಾಲು ಇಳಿಸಿತ್ತು. ಬೂದಿಯ ಪಕ್ಕ ಅದೇ ನಾಯಿ.

ಎರಡು ಬೆಲ್ಲೆಂದರೆ ಹೊರಡು, ಒಂದೆಂದರೆ ನಿಲ್ಲಿಸು.
ಒಂದೇ ಹೊಡೆದೆ.
ನಾಯಿ ಒಂದು ಕಣ್ಣು ತೆರೆದು
ನನ್ನ ಬುಟ್ಟಿಯಲ್ಲಿ ಏನಾದರೂ ಉಂಟೋ ಅಂತ ನೋಡಿತು.