ಬಾಯಿ ಮುಚ್ಚಿದ ಎಮ್ಮೆ

ಡಿಂಗ್‌ಶುವಿನ ಹಳೆಯ ಆವಿಗೆ ಓಣಿಯಲ್ಲಿ
ಮುದುಕಿ ಪಾನ್ ಷಿಯುಜೆನ್‌ಳ ಅಂಗಡಿ.
ಚಹಾದ ಹಲಗೆಗೆಂದೇ ಹುಟ್ಟಿದ
ಹೆಬ್ಬೆರಳಷ್ಟು ಮಣ್ಣಿನ ಜೀವಗಳು:
ಕಾಸು ಕಚ್ಚಿದ ಮೂರು ಕಾಲಿನ ಕಪ್ಪೆ,
ಹಲ್ಲು ಕಿಸಿದ ಹಂದಿ,
ಬಿಸಿನೀರು ಬಿದ್ದರೆ ಉಚ್ಚೆ ಹಾರಿಸುವ ಹುಡುಗ.

"ಇದು ದುಡ್ಡು ತರುತ್ತೆ, ಇದು ನಿದ್ದೆ," ಅಂದಳು.
ನನಗೆ ಬೇಕಿದ್ದದ್ದು ಬಾಯಿ ತೆರೆಯದ್ದು.

ಹನ್ನೊಂದು ವರ್ಷ ವುಶಿಯಲ್ಲಿ
ಆಂಬುಲೆನ್ಸಿನ ಕರೆ ಎತ್ತುವ ಕೆಲಸ.
ರಾತ್ರಿಯೆಲ್ಲ ಕಿವಿಯೊಳಗೆ ಯಾರದೋ ತಾಯಿ,
ಯಾವುದೋ ಮೂರನೆಯ ಮಹಡಿ,
ವಿಳಾಸ ಹೇಳಲು ಬಾರದ ಮಗು.
ಮನೆಗೆ ಬಂದರೆ ಕುದಿಯುವ ಕೆಟಲ್ ಕೂಡ
ಯಾರೋ ಕೂಗಿದ ಹಾಗೆ.

ಮೂಲೆಯಲ್ಲೊಂದು ಎಮ್ಮೆ ಮಲಗಿತ್ತು.
ಒಂದು ಕೊಂಬು ತುಸು ಮೊಂಡು,
ಹೊಟ್ಟೆಯಡಿ ಮಾಡಿದವರ ಬೆರಳಚ್ಚು,
ಹೊಲಿದಂಥ ಬಾಯಿ. ಇದೇ ಸಾಕು.
ಮೂವತ್ತು ಯುವಾನ್ ಎಂದ ಮುದುಕಿ
ಮೊಂಡು ಕೊಂಬಿಗೆ ಐದು ಬಿಟ್ಟಳು.
"ಹೊಳಪು ಬರೋಕೆ ಐದಾರು ವರ್ಷ ಬೇಕು.
ಸೋಪು ಹಚ್ಚಬೇಡ, ಬೈಯಬೇಡ,
ನೀನು ಕುಡಿಯುವಾಗ ಅದಕ್ಕೂ ಕುಡಿಸು."

ಬೆಳಗಿನ ಏಳು. ಪಾಳಿ ಕಳಚಿ ಬಂದು
ಮೊದಲ ಬಟ್ಟಲು ಅದರ ಬೆನ್ನಿಗೆ ಸುರಿದೆ.
ಕೆಂಪು ಮಣ್ಣು ಕಪ್ಪಾಯಿತು,
ಮತ್ತೆ ನಿಧಾನ ಕೆಂಪಾಗತೊಡಗಿತು.
ಆಮೇಲೆ, ಮೂಗಿನ ಸೂಜಿತೂತಿನಿಂದ
ಗುಳು, ಗುಳು,
ಗುಳ್ಳೆ.

ಮೋಸ! ಎಮ್ಮೆ ಮಾತಾಡುತ್ತಿತ್ತು.
ಕೈ ತಾನಾಗಿ ಪೆನ್ನಿಗೆ ತಡಕಿತು,
"ಎಲ್ಲಿದ್ದೀರಿ, ಹೇಳಿ" ಅನ್ನುವಷ್ಟರಲ್ಲಿ
ನಗು ಬಂತು.

ಇಲ್ಲೇ ಇದೆಯಲ್ಲ.
ಇನ್ನೊಂದು ಬಟ್ಟಲು ಸುರಿದೆ.